ಒಬ್ಬಂಟಿ ತಾಯಿಯೂ ಪರದೇಶದ ಆಸರೆಯೂ

ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಸತ್ಯಕಾಮನ ಕಥೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಬ್ರಹ್ಮಚರ್ಯವನ್ನು ಕೈಕೊಳ್ಳಬಯಸಿದ ಬಾಲಕನು ತನ್ನ ಗೋತ್ರವಾವುದೆಂದು ತಾಯಿಯನ್ನು ಕೇಳುತ್ತಾನೆ. ಯೌವನದಲ್ಲಿ ಹಲವೆಡೆ ಪರಿಚಾರಿಕೆಯಾಗಿ ದುಡಿಯುತ್ತಿದ್ದಾಗ ನಿನ್ನನ್ನು ಪಡೆದೆನು, ಗೋತ್ರವನ್ನು ನಾನರಿಯೆನು, ನನ್ನ ಹೆಸರು ಜಬಾಲೆ, ಆದುದರಿಂದ ನೀನು ಸತ್ಯಕಾಮ ಜಾಬಾಲನೆಂದೇ ಹೇಳಿಕೋ ಎಂದು ಆಕೆ ಉತ್ತರ ಕೊಡುತ್ತಾಳೆ. ಗುರುವಾದ ಹಾರಿದ್ರುಮತ ಗೌತಮನು ಆ ಮಾತನ್ನು ಕೇಳಿ ಮುಖ ಸಿಂಡರಿಸಲಿಲ್ಲ, ಸಮಿತ್ತನ್ನು ತಾರೆಂದನು.

ಈ ಕಥೆಯನ್ನು ನಾನು ಮೂವತ್ತು ವರ್ಷಗಳಿಗೂ ಮಿಕ್ಕಿ ಶಾಲೆಯ ಮಕ್ಕಳಿಗೆ ಹೇಳಿರುವೆನು. ಆದರೆ 1994ರ ಜೂನ್ ತಿಂಗಳಲ್ಲಿ, ಶಾಲೆಗೆ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ದಿವಸ, ಹೆಂಗಸೊಬ್ಬಳು ಮಗನ ಕೈ ಹಿಡಿದು ನನ್ನ ಮೇಜಿನ ಮುಂದೆ ನಿಂತಾಗ, "ತಂದೆಯ ಹೆಸರೇನಮ್ಮಾ? ಅವರ ರುಜು ಬೇಕಲ್ಲ" ಎಂದು ಮೂರು ಸಲ ಕೇಳಿದವನೂ ನಾನೇ. "ಅವರು ನಮ್ಮ ಜೊತೆಯಲ್ಲಿಲ್ಲ, ಮೇಷ್ಟ್ರೇ. ನಾನೇ ರುಜು ಹಾಕುತ್ತೇನೆ" ಎಂದಳು. ಹಾಗಾಗದೆಂದೆನು. ಆಕೆ ಕೈಮುಗಿದು ಹೊರಟುಹೋದಳು. ಹುಡುಗನು ಮತ್ತೆ ನಮ್ಮ ಶಾಲೆಗೆ ಬರಲಿಲ್ಲ. ಅದೇ ವಾರ ನಾನು ಒಂಬತ್ತನೆಯ ತರಗತಿಗೆ ಸತ್ಯಕಾಮನ ಪಾಠವನ್ನು ಮಾಡಿದೆನು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಆಗ ಬರಲಿಲ್ಲ.

ಅಂದಿನ ನನ್ನ ನಡತೆಗೆ ಕಾನೂನಿನ ಬೆಂಬಲವೂ ಇದ್ದಂತೆ ತೋರುತ್ತಿತ್ತು. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ ಶಾಸನವು ಮಗುವಿಗೆ ತಂದೆಯು ಸಹಜಪಾಲಕನು, ಅವನ ಅನಂತರ ತಾಯಿ ಎಂದು ಹೇಳುತ್ತದೆ. 'ಅನಂತರ' ಎಂಬ ಆ ಒಂದು ಶಬ್ದಕ್ಕೆ ಅವನು ಸತ್ತ ಮೇಲೆ ಎಂದೇ ಅರ್ಥ ಹೇಳುತ್ತಿದ್ದರು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ 'ಅವನ ಅಭಾವದಲ್ಲಿ' ಎಂದು ಅರ್ಥಮಾಡಿತು. ಬದುಕಿದ್ದೂ ಮಗುವಿನ ಗೋಜಿಗೆ ಬಾರದ ತಂದೆಯು ಇಲ್ಲದವನಂತೆಯೇ ಸರಿ. ಒಂದು ಶಬ್ದದ ಅರ್ಥಕ್ಕಾಗಿ ನಲವತ್ತಮೂರು ವರ್ಷ ಕಾಯಬೇಕಾಯಿತೆಂಬುದು ವ್ಯಾಕರಣ ಕಲಿಸುವವರು ನೆನಪಿನಲ್ಲಿಡತಕ್ಕ ಸಂಗತಿ. 2015ರಲ್ಲಿ ಅದೇ ನ್ಯಾಯಾಲಯವು ಅವಿವಾಹಿತ ತಾಯಿಯು ತಂದೆಯ ಹೆಸರನ್ನು ಹೇಳದೆಯೇ ಪಾಲಕಳಾಗಬಹುದೆಂದಿತು. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟಿನ ಅರ್ಜಿಯಲ್ಲಿ ತಂದೆ ತಾಯಿಗಳಲ್ಲಿ ಒಬ್ಬರ ಹೆಸರಿದ್ದರೆ ಸಾಕು.

ಇದಂತಿರಲಿ. ನಿವೃತ್ತನಾದ ಮೇಲೆ ನಾನು ಮಗಳ ಮನೆಯಲ್ಲಿ ಆರು ತಿಂಗಳಿರಲು ಅಮೆರಿಕದ ನ್ಯೂಜರ್ಸಿಗೆ ಹೋಗಿದ್ದೆನು. ಕೆಳಗಿನ ಅಂತಸ್ತಿನಲ್ಲಿ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಆರು ವರ್ಷದ ಮಗನೊಡನೆ ವಾಸವಾಗಿದ್ದಳು. ಗಂಡನು ಬೇರೊಂದು ಸಂಸ್ಥಾನದಲ್ಲಿ ಉದ್ಯೋಗ ಹಿಡಿದು, ಅಲ್ಲಿಂದಲೇ ವಿವಾಹ ವಿಚ್ಛೇದನದ ಕಾಗದ ಕಳುಹಿಸಿದ್ದನು. ಆಕೆಯ ಸಂಕಟವನ್ನು ಅರಿಯಬೇಕಾದರೆ ಆ ದೇಶದ ರಹದಾರಿಯ ಕ್ರಮವನ್ನು ಸ್ವಲ್ಪ ತಿಳಿಯಬೇಕು. ಗಂಡನಿಗೆ ಉದ್ಯೋಗದ ಎಚ್-1ಬಿ ವೀಸಾ. ಹೆಂಡತಿಗೆ ಅದನ್ನವಲಂಬಿಸಿದ ಎಚ್-4. ಈ ಎರಡನೆಯದನ್ನು ಹೊಂದಿದವರು ಸಂಬಳದ ಕೆಲಸ ಮಾಡುವಂತೆಯೇ ಇರಲಿಲ್ಲ. 2015ರಲ್ಲಿ, ಗಂಡನ ಕಾಯಂ ನಿವಾಸದ ಅರ್ಜಿಯು ಒಂದು ಹಂತವನ್ನು ಮುಟ್ಟಿದ್ದರೆ ಮಾತ್ರ, ಕೆಲವರಿಗೆ ಅನುಮತಿ ದೊರೆಯಿತು. ಮದುವೆ ಮುರಿದರೆ ಆ ವೀಸಾದ ಆಧಾರವೇ ಕಡಿದುಹೋಗುತ್ತದೆ. ಅಲ್ಲಿಯೇ ಹುಟ್ಟಿದ ಮಗುವಾದರೋ ಆ ದೇಶದ ಪ್ರಜೆ.

"ಊರಿಗೆ ಹೊರಟುಹೋಗಬಾರದೇನಮ್ಮಾ?" ಎಂದು ನಾನು ಕೇಳಿದ್ದುಂಟು. ಆಕೆ ನಕ್ಕಳು. ತಂದೆಯ ಒಪ್ಪಿಗೆಯಿಲ್ಲದೆ ಮಗುವನ್ನು ಕರೆತಂದರೆ ಅಪಹರಣದ ಆಪಾದನೆಯು ತಾಯಿಯ ಮೇಲೆಯೇ ಬರಬಹುದು. ಮಕ್ಕಳನ್ನು ಹೀಗೆ ದೇಶಾಂತರ ಒಯ್ಯುವುದರ ಬಗ್ಗೆ 1980ರಲ್ಲಿ ಹೇಗ್ ನಗರದಲ್ಲಾದ ಒಡಂಬಡಿಕೆಗೆ ಭಾರತವು ಸೇರಿಲ್ಲ. ಆದುದರಿಂದ ಅಲ್ಲಿಯ ನ್ಯಾಯಾಧೀಶರು ಭಾರತಕ್ಕೆ ಹೋಗಗೊಡಿಸುವುದಕ್ಕೆ ಹಿಂಜರಿಯುವುದುಂಟು. ಹೋಗಲೂ ಆಗದು, ಇರಲೂ ಆಗದು, ದುಡಿಯಲೂ ಆಗದು.

ಸಹಾಯವನ್ನು ಕೇಳಿದಾಗ ಏನಾಯಿತೆಂಬುದನ್ನು ಆಕೆಯೇ ಹೇಳಿದಳು. "ಮೊದಲು ಫೋನು ಮಾಡಿದ ಕಡೆ ನಿಮ್ಮ ಭಾಷೆ ಯಾವುದೆಂದು ಕೇಳಿದರು, ಮೇಷ್ಟ್ರೇ. ಇಂಡಿಯಾ ಎಂದೊಡನೆ ಹಿಂದಿಯವರನ್ನು ಕೊಟ್ಟರು. ನನಗೆ ಹಿಂದಿ ಬಾರದು. ಇನ್ನೊಂದು ಕಡೆ ಹೋದಾಗ, ನಿಮ್ಮ ಮಗನಿಗೆ ಇಂಗ್ಲಿಷು ಚೆನ್ನಾಗಿ ಬರುತ್ತದಲ್ಲಾ, ಅವನೇ ಹೇಳಲಿ ಎಂದರು." ಇಲ್ಲಿ ಆಕೆಯ ಮಾತು ನಿಂತಿತು. ಅಪ್ಪನು ಅಮ್ಮನಿಗೆ ಮಾಡಿದ್ದನ್ನು ಆರು ವರ್ಷದ ಕೂಸು ತನ್ನ ಬಾಯಿಂದ ಪರರಿಗೆ ಅನುವಾದಿಸಬೇಕು! ಆಕೆ ಏನೂ ಹೇಳದೆ ಎದ್ದುಬಂದಳಂತೆ. ಆ ಅಧಿಕಾರಿಗಳು ಕೆಟ್ಟವರೆಂದು ಹೇಳಲಾರೆನು, ಅವರಿಗೆ ತಿಳಿಯದು.

ಈ ತಿಳಿಯದಿರುವಿಕೆಯು ಎಷ್ಟು ದೂರ ಹೋಗಬಹುದೆಂಬುದಕ್ಕೆ ನಾರ್ವೆ ದೇಶದ ಪ್ರಕರಣವು ನಿದರ್ಶನ. 2011ರಲ್ಲಿ ಸ್ಟಾವಂಗರ್ ನಗರದಲ್ಲಿದ್ದ ಬಂಗಾಳಿ ದಂಪತಿಗಳ ಇಬ್ಬರು ಎಳೆಯ ಮಕ್ಕಳನ್ನು ಅಲ್ಲಿಯ ಶಿಶುರಕ್ಷಣಾ ಇಲಾಖೆಯವರು ತಮ್ಮ ವಶಕ್ಕೆ ತೆಗೆದುಕೊಂಡರು. ಕೈಯಿಂದ ತುತ್ತಿಕ್ಕುವುದನ್ನೂ ಮಗ್ಗುಲಲ್ಲಿ ಮಲಗಿಸಿಕೊಳ್ಳುವುದನ್ನೂ ತಪ್ಪೆಂದೆಣಿಸಿದರೆಂದು ತಂದೆತಾಯಿಗಳು ಹೇಳಿದರು. ಅಂಥ ಕಾರಣಕ್ಕೆ ಮಕ್ಕಳನ್ನು ಒಯ್ಯುವುದಿಲ್ಲವೆಂದು ಆ ಸರಕಾರವು ಹೇಳಿತು. 2012ರಲ್ಲಿ ಮಕ್ಕಳು ಚಿಕ್ಕಪ್ಪನೊಡನೆ ಭಾರತಕ್ಕೆ ಬಂದರು. ಅಷ್ಟರಲ್ಲಿ ದಾಂಪತ್ಯವೇ ಮುರಿದಿತ್ತು. ತಾಯಿಯೊಬ್ಬಳೇ ಕಲ್ಕತ್ತೆಯ ಉಚ್ಚ ನ್ಯಾಯಾಲಯದವರೆಗೆ ಹೋರಾಡಿ 2013ರಲ್ಲಿ ಅವರನ್ನು ಮರಳಿ ಪಡೆದಳು. ನಿಜವಾವುದೇ ಇರಲಿ, ಎರಡು ಪಕ್ಷಗಳ ಆಚಾರವನ್ನೂ ಬಲ್ಲ ಒಬ್ಬ ಹಿರಿಯಳು ಮೊದಲ ದಿವಸವೇ ಆ ಮನೆಯಲ್ಲಿ ಕುಳಿತಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಅಂಥ ಹಿರಿಯಳ ಕೆಲಸವನ್ನು ಮಾಡುವ ಸಂಸ್ಥೆಗಳು ಆ ದೇಶಗಳಲ್ಲಿ ಹುಟ್ಟಿವೆಯೆಂಬುದೇ ಸಮಾಧಾನ. ಲಂಡನ್ನಿನ ಸೌತ್‌ಹಾಲ್ ಬ್ಲ್ಯಾಕ್ ಸಿಸ್ಟರ್ಸ್ 1979ರದು. ನ್ಯೂಜರ್ಸಿಯಲ್ಲಿ 1985ರಲ್ಲಿ 'ಮಾನವಿ', ನ್ಯೂಯಾರ್ಕಿನಲ್ಲಿ 1989ರಲ್ಲಿ 'ಸಖಿ', ಅದೇ ವರ್ಷ ಷಿಕಾಗೋವಿನಲ್ಲಿ 'ಅಪ್ನಾ ಘರ್', ಕ್ಯಾಲಿಫೋರ್ನಿಯದಲ್ಲಿ 1991ರಲ್ಲಿ 'ಮೈತ್ರಿ' ಮತ್ತು 1992ರಲ್ಲಿ 'ನಾರಿಕಾ'. ಹೆಸರುಗಳನ್ನು ಕೇಳಿ ಸಂಸ್ಕೃತದ ಮೇಷ್ಟರಿಗೆ ಸಂತೋಷವಾಗುವುದು ಸಹಜ. ಆದರೆ ದಿಕ್ಕೆಟ್ಟವಳಿಗೆ ಹೆಸರಿಗಿಂತ ಮುಖ್ಯವಾದುದು ಆಚೆಯ ಕಡೆಯಿಂದ ಬರುವ ಮೊದಲ ಮಾತು. ನಮ್ಮ ಕೆಳಮನೆಯವಳಿಗೆ ಕೊನೆಗೆ ದೊರೆತ ಕಾರ್ಯಕರ್ತೆಯು ಕನ್ನಡತಿಯಲ್ಲ, ತಮಿಳಿನಾಕೆ. ಆದರೂ "ಊಟ ಆಯಿತೇನಮ್ಮಾ?" ಎಂಬಷ್ಟನ್ನು ಕನ್ನಡದಲ್ಲಿ ಕಲಿತು ಕೇಳಿದಳು. ಅದನ್ನು ಕೇಳಿ ಅರ್ಧ ಗಂಟೆ ಅತ್ತೆನೆಂದು ಈಕೆ ಹೇಳಿದಳು.

ಅಡಿಗೆಯ ಮಾತು ಕ್ಷುದ್ರವೆಂದು ತಿಳಿಯಬಾರದು. ಆಶ್ರಯಗೃಹದಲ್ಲಿ ಮಾಂಸ ಬೇಯಿಸಿದ ಪಾತ್ರೆಯಲ್ಲಿಯೇ ಅನ್ನ ಮಾಡಿಕೊಳ್ಳಬೇಕಾದರೆ, ಎಷ್ಟೋ ಜನ ಹೆಂಗಸರು ಎರಡೇ ದಿನದಲ್ಲಿ ಮಗುವನ್ನೆತ್ತಿಕೊಂಡು, ಹೊಡೆಯುವ ಗಂಡನ ಮನೆಗೇ ಹಿಂದಿರುಗಬಹುದು. ಬೇರೊಂದು ಪಾತ್ರೆ, ದೀಪ ಹಚ್ಚಲು ಒಂದು ಮೂಲೆ, ಮುಸಲ್ಮಾನ ಸೋದರಿಗೆ ಹಲಾಲ್ ಊಟ: ಇವುಗಳಿಗೆ ತಗಲುವ ವೆಚ್ಚವೆಷ್ಟು? ದುಭಾಷಿಯು ಅದೇ ಊರಿನ ನಮ್ಮವರಲ್ಲಿ ಒಬ್ಬನಾಗಿರಬಾರದೆಂಬುದೂ ಅಷ್ಟೇ ಅವಶ್ಯಕ. ಇಲ್ಲದಿದ್ದರೆ ಭಾನುವಾರದ ದೇವಸ್ಥಾನದಲ್ಲಿ ಎಲ್ಲರಿಗೂ ಸುದ್ದಿ ತಿಳಿದಿರುತ್ತದೆ.

ಆದರೆ ಸಂಸ್ಕೃತಿಗೆ ಗೌರವವೆಂಬುದು, ನಾಲ್ಕು ಜನ ಹಿರಿಯರು ಸೇರಿ ಹೆಣ್ಣನ್ನು ಹೊಂದಿಕೊಂಡು ಹೋಗೆಂದು ಹಿಂದಕ್ಕಟ್ಟುವ ಪಂಚಾಯಿತಿಯಾಗಬಾರದು. ಸೌತ್‌ಹಾಲಿನ ಸೋದರಿಯರು ಮೊದಲಿನಿಂದಲೂ ಇದನ್ನೇ ವಾದಿಸಿದ್ದಾರೆ. ಅವರಂಥವರ ಪ್ರಯತ್ನದಿಂದ ಬ್ರಿಟನ್ನಿನಲ್ಲಿ 2012ರಲ್ಲಿ ಒಂದು ಏರ್ಪಾಡಾಯಿತು: ಹೆಂಡತಿಯೆಂಬ ನೆಲೆಯ ವೀಸಾದ ಮೇಲೆ ಬಂದು ಹಿಂಸೆಗೊಳಗಾದವಳಿಗೆ ಸರಕಾರದ ನೆರವನ್ನು ಪಡೆಯುವ ಹಕ್ಕಿನೊಡನೆ ಮೂರು ತಿಂಗಳ ಅವಕಾಶ. ಇಂಥ ಸಂಸ್ಥೆಗಳು ಮನೆ ಮುರಿಯುತ್ತವೆಂದು ಹೇಳುವ ಮಹನೀಯರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಮುರಿದ ಮನೆಯಿಂದ ಹೊರಬಿದ್ದ ಸೀತೆಗೆ ವಾಲ್ಮೀಕಿಗಳು ಆಶ್ರಮದಲ್ಲಿ ಸ್ಥಳ ಕೊಟ್ಟರು. ಅವರು ಅಯೋಧ್ಯೆಯನ್ನು ಮುರಿದರೆಂದು ಯಾರೂ ಹೇಳಿಲ್ಲ.

ನಮ್ಮವರ ನಡತೆಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಆ ಊರಿನ ಕನ್ನಡಿಗರ ಗೃಹಿಣಿಯರು ಸ್ನೇಹಪರರೇ ಸರಿ. ಆದರೂ ಸುದ್ದಿ ಹಬ್ಬಿದ ಮೇಲೆ ಒಂದು ವರ್ಷ ಯಾರೂ ಈಕೆಯನ್ನು ಅರಿಸಿನ ಕುಂಕುಮಕ್ಕೆ ಕರೆದಿರಲಿಲ್ಲ. ಕರೆದರೆ ಆಕೆಗೇ ನೋವಾದೀತೆಂದು ಅವರ ಸಮಜಾಯಿಷಿ. ನನ್ನ ಮಗಳೂ ಕರೆದಿರಲಿಲ್ಲ. ಕೇಳಿದ್ದಕ್ಕೆ, "ಹೇಗಪ್ಪಾ ಕರೆಯೋದು?" ಎಂದಳು. "ಎಲ್ಲರನ್ನೂ ಹೇಗೆ ಕರೆಯುತ್ತೀಯೋ ಹಾಗೆ" ಎಂದೆನು. ಸಂಕ್ರಾಂತಿಗೆ ಕರೆದಳು. ಆಕೆ ಎಳ್ಳು ಬೀರಲು ಬಂದು, ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆದಿಟ್ಟು ಹೋದಳು. ಬೇಡವೆಂದರೂ ಕೇಳಲಿಲ್ಲ.

ಆ ಹೊತ್ತಿಗೆ ಸಂಸ್ಥೆಯ ವಕೀಲರು ಆಕೆಯ ಅರ್ಜಿಯನ್ನು ಕೈಗೆತ್ತಿಕೊಂಡಿದ್ದರು. ವಕೀಲರನ್ನು ಕಾಣಹೋಗುವ ದಿವಸ ಹುಡುಗನನ್ನು ಶಾಲೆಯ ಬಸ್ಸಿನಿಂದ ಇಳಿಸಿಕೊಳ್ಳಲು ದೊಡ್ಡವರೊಬ್ಬರು ಬೇಕಾಗಿತ್ತು. ಆ ಕೆಲಸವನ್ನು ನಾನು ವಹಿಸಿಕೊಂಡೆನು. ಅದಕ್ಕಾಗಿ ಶಾಲೆಗೆ ಒಂದು ನಮೂನೆಯನ್ನು ತುಂಬಿ ಕೊಡಬೇಕಾಗಿತ್ತು. ಆಕೆಯೊಡನೆ ನಾನೂ ಹೋದೆನು. ತಂದೆಯ ಹೆಸರಿನ ಕಡೆ ಆಕೆ ಏನೂ ಬರೆಯಲಿಲ್ಲ. ಮೇಜಿನ ಹಿಂದಿದ್ದ ಗುಮಾಸ್ತಳು ಅದನ್ನು ನೋಡಿ ಪುಟ ತಿರುವಿದಳು, ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಮಗುವನ್ನು ಕರೆದೊಯ್ಯತಕ್ಕವರ ಹೆಸರೂ ಸಂಬಂಧವೂ ಬೇಕಾಗಿತ್ತು. "ಏನೆಂದು ಬರೆಯಲಿ, ಮೇಷ್ಟ್ರೇ?" ಎಂದಳು. ಅಜ್ಜನೆಂದು ಬರೆ ಎಂದೆನು. ಮಾರ್ಚ್ ತಿಂಗಳಲ್ಲಿ ನಾನು ಊರಿಗೆ ಹಿಂದಿರುಗತಕ್ಕವನಾದುದರಿಂದ ಅದರ ಕೆಳಗೆ ನನ್ನ ಮಗಳ ಹೆಸರನ್ನೂ ಸೇರಿಸಿದೆವು.