ಚೆಂಡಿಲ್ಲದವರ ಓಟ

ಹೈದರಾಬಾದಿನಲ್ಲಿ ಒಂದು ಕಾಲಕ್ಕೆ ವಿಚಿತ್ರ ನಿಯಮದ ಫುಟ್‌ಬಾಲ್ ಟೂರ್ನಿಗಳು ನಡೆಯುತ್ತಿದ್ದವು. ಒಂದು ಟೂರ್ನಿಯಲ್ಲಿ ಡ್ರಿಬ್ಲಿಂಗ್‌ಗೆ ಅವಕಾಶವೇ ಇರಲಿಲ್ಲ. ಚೆಂಡನ್ನು ಕಾಲಲ್ಲೇ ಹೊರಳಿಸುತ್ತ ಎದುರಾಳಿಯನ್ನು ದಾಟುವಂತಿಲ್ಲ, ಬಂದ ಚೆಂಡು ಕೂಡಲೇ ಜತೆಗಾರನಿಗೆ ಹೋಗಬೇಕು. ಇನ್ನೊಂದರಲ್ಲಿ ಪಳಗಿದ ಕಾಲಿಗೆ ರಜೆ. ಬಲಗಾಲಿನವನು ಎಡಗಾಲಲ್ಲಿ ಆಡಬೇಕು, ಎಡಗಾಲಿನವನು ಬಲಗಾಲಲ್ಲಿ. ಇವನ್ನು ಹುಟ್ಟುಹಾಕಿದವರು ಸೈಯದ್ ಅಬ್ದುಲ್ ರಹೀಮ್. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಶಾಲಾ ಮಾಸ್ತರರಾದ ಅವರು 1940ರ ದಶಕದಿಂದ 1963ರಲ್ಲಿ ತೀರಿಕೊಳ್ಳುವವರೆಗೆ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. ಭಾರತ ತಂಡದ ತರಬೇತುದಾರರಾಗಿ 1951ರ ದೆಹಲಿ ಮತ್ತು 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ ತಂದರು. 2024ರಲ್ಲಿ ತೆರೆಗೆ ಬಂದ ‘ಮೈದಾನ್’ ಚಿತ್ರ ಅವರದೇ ಕಥೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳಿಗೆ ರಹೀಮ್ ಸಾಹೇಬರು ದೂರದವರಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆ ಆಗುವ ತನಕ ಕಲಬುರಗಿ ಸೀಮೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಈ ಭಾಗ ಕನ್ನಡನಾಡಿಗೆ ಸೇರಿ ಸರಿಯಾಗಿ ತಿಂಗಳಿಗೆ, ಡಿಸೆಂಬರ್ 1ರಂದು, ರಹೀಮರ ಶಿಷ್ಯರು ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿದರು. ನೆವಿಲ್ ಡಿಸೋಜಾ ಅಂದು ಹ್ಯಾಟ್ರಿಕ್ ಹೊಡೆದರು. ಆ ತಂಡದ ನೂರ್ ಮೊಹಮ್ಮದ್, ಅಜೀಜುದ್ದೀನ್, ಜುಲ್ಫಿಕರುದ್ದೀನ್, ತುಳಸೀದಾಸ್ ಬಲರಾಮ್ ಹೈದರಾಬಾದಿನ ಮೈದಾನಗಳಲ್ಲಿ ಬೆಳೆದವರು. ಕಲಬುರಗಿ ಜಿಲ್ಲೆಯಲ್ಲಿ ಇಂದು ಕ್ರಿಕೆಟ್, ಕಬಡ್ಡಿ, ಖೋ-ಖೋ, ವಾಲಿಬಾಲ್‌ಗಳ ಮಧ್ಯೆ ಫುಟ್‌ಬಾಲ್ ಹಿಂದೆ ಬಿದ್ದಿದೆ ನಿಜ. ಆದರೂ ಈ ಆಟದ ಒಂದು ದೊಡ್ಡ ಪಾಠಶಾಲೆ ಈ ಸೀಮೆಯ ಹಳೆಯ ರಾಜಧಾನಿಯಲ್ಲೇ ಇತ್ತೆಂಬುದನ್ನು ಇಲ್ಲಿನ ಮಕ್ಕಳಿಗೆ ಹೇಳಬೇಕು.

ಡ್ರಿಬ್ಲಿಂಗ್ ನಿಲ್ಲಿಸಿದರೆ ಏನಾಗುತ್ತದೆ? ಚೆಂಡು ಇರುವವನ ಕೆಲಸ ಸಣ್ಣದಾಗುತ್ತದೆ, ಇಲ್ಲದವರ ಕೆಲಸ ದೊಡ್ಡದಾಗುತ್ತದೆ. ಜತೆಗಾರರು ಮರೆಯಿಂದ ಹೊರಬಂದು ಪಾಸ್ ಸಿಗುವ ಜಾಗದಲ್ಲಿ ನಿಲ್ಲದಿದ್ದರೆ ಆ ಟೂರ್ನಿಯಲ್ಲಿ ಆಟವೇ ನಡೆಯುವುದಿಲ್ಲ. ಓಡಿ ಎಂದು ಬಾಯಿಂದ ಹೇಳುವ ಬದಲು, ಓಡದಿದ್ದರೆ ಆಟ ನಿಂತುಹೋಗುವಂತಹ ನಿಯಮವನ್ನು ರಹೀಮ್ ಇಟ್ಟರು. ಇಂದು ಯುರೋಪಿನ ಅನೇಕ ಅಕಾಡೆಮಿಗಳೂ ಹೀಗೆ ಆಟದ ನಿಯಮದ ಮೂಲಕವೇ ಕಲಿಸುತ್ತವೆ.

ಚೆಂಡಿಲ್ಲದವರ ಕೆಲಸವೇ ದೊಡ್ಡದೆಂಬುದು ಲೆಕ್ಕ ಹಾಕಿದರೂ ಗೊತ್ತಾಗುತ್ತದೆ. 90 ನಿಮಿಷದ ಪಂದ್ಯದಲ್ಲಿ ಥ್ರೋ-ಇನ್, ಫೌಲ್, ಗೋಲ್‌ಕಿಕ್‌ಗಳ ವಿರಾಮ ಕಳೆದರೆ ಚೆಂಡು ಆಟದಲ್ಲಿರುವುದು ಸುಮಾರು 55ರಿಂದ 60 ನಿಮಿಷ. 22 ಮಂದಿಗೆ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಮೂರು ನಿಮಿಷವೂ ಬರುವುದಿಲ್ಲ. ಉಳಿದ ಹೊತ್ತೆಲ್ಲ ಆಟಗಾರ ಚೆಂಡಿಲ್ಲದೆ ಮೈದಾನದಲ್ಲಿರುತ್ತಾನೆ. ನಮ್ಮ ಶಾಲೆಗಳ ಅಭ್ಯಾಸವೆಲ್ಲ ಆ ಮೂರು ನಿಮಿಷದ ಒದೆತಕ್ಕೇ ಮೀಸಲಾಗಿ, ಉಳಿದ ಕಾಲಕ್ಕೆ ಪಾಠವೇ ಇಲ್ಲದಿರುವುದು ದೊಡ್ಡ ಕೊರತೆ.

ಚೆಂಡಿಲ್ಲದ ಓಟದ ಬಲವನ್ನು ಜಗತ್ತಿಗೆ ತೋರಿದ ಪಂದ್ಯ 1953ರ ನವೆಂಬರ್ 25ರದು. ಲಂಡನ್ನಿನ ವೆಂಬ್ಲಿಯಲ್ಲಿ ಹಂಗೆರಿ ಇಂಗ್ಲೆಂಡನ್ನು 6-3ರಿಂದ ಮಣಿಸಿತು. ಹಂಗೆರಿಯ ಸೆಂಟರ್ ಫಾರ್ವರ್ಡ್ ಹಿದೆಗ್ಕುಟಿ ಗೋಲಿನ ಮುಂದೆ ನಿಲ್ಲದೆ ಹಿಂದೆ ಸರಿದು ಆಡಿದರು. ಅವರನ್ನು ಕಾಯಬೇಕಿದ್ದ ಹ್ಯಾರಿ ಜಾನ್‌ಸ್ಟನ್‌ಗೆ ಇಕ್ಕಟ್ಟು: ಬೆನ್ನು ಹತ್ತಿದರೆ ಹಿಂದೆ ದೊಡ್ಡ ಬಯಲು, ನಿಂತರೆ ಹಿದೆಗ್ಕುಟಿ ಸ್ವತಂತ್ರ. ಹಿದೆಗ್ಕುಟಿ ಮೂರು ಗೋಲು ಹೊಡೆದರು. ಕಾಯುವವನನ್ನು ಹೀಗೆ ಎರಡು ತಪ್ಪು ಆಯ್ಕೆಗಳ ನಡುವೆ ಸಿಕ್ಕಿಸುವುದೇ ಈ ಓಟಗಳ ಗುಟ್ಟು. ರಹೀಮ್ ಹಂಗೆರಿಯ ಆಟವನ್ನು ಆಳವಾಗಿ ಅಭ್ಯಾಸ ಮಾಡಿ ಭಾರತ ತಂಡಕ್ಕೆ ಹೊಂದಿಸಿಕೊಂಡರು. ಜಕಾರ್ತಾದಲ್ಲಿ ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಮ್ ಮೂವರೂ ಜಾಗ ಬದಲಿಸುತ್ತ ಆಡುವ ಮುಂಪಡೆ ಕಟ್ಟಿದರು. ತಲೆಗೆ ಗಾಯವಾಗಿ ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ರನ್ನು ಮುಂದೆ ಆಡಿಸಿದರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧದ 2-1 ಗೆಲುವಿನಲ್ಲಿ ಒಂದು ಗೋಲು ಪಿ.ಕೆ. ಅವರದು, ಇನ್ನೊಂದು ಇದೇ ಜರ್ನೈಲ್ ಅವರದು.

  

ಇನ್ನು ಮೈದಾನಕ್ಕೆ ಇಳಿಯೋಣ. ಭೀಮಾ ತೀರದ ಅಫಜಲಪುರ, ಜೇವರ್ಗಿಗಳಲ್ಲಿ ಎರೆಮಣ್ಣು ಹೆಚ್ಚು. ಮಳೆಗೆ ಅಂಟುತ್ತದೆ, ಬೇಸಿಗೆಗೆ ಬಿರುಕು ಬಿಟ್ಟು ಕಾಲು ಉಳುಕಿಸುತ್ತದೆ. ಆದ್ದರಿಂದ ಮುರುಂ ಹಾಕಿ ಗಟ್ಟಿ ಮಾಡಿದ ಶಾಲೆಯ ಅಂಗಳವೇ ಒಳ್ಳೆಯ ಜಾಗ. ಅಲ್ಲಿ ಚೆಂಡು ಜೋರಾಗಿ ಪುಟಿಯುವುದರಿಂದ ಗಾಳಿ ಸ್ವಲ್ಪ ಕಡಿಮೆ ತುಂಬಬೇಕು, ಪಾಸ್ ನೆಲದ ಮೇಲೇ ಹೋಗಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟುವ ಸೀಮೆ ಇದು. ಬೆಳಿಗ್ಗೆ ಆರಕ್ಕೆ ಶುರುಮಾಡಿ ಎಂಟರೊಳಗೆ ಮುಗಿಸಬೇಕು, ನಡುನಡುವೆ ನೀರು ಕುಡಿಸಬೇಕು. ಗೋಲ್‌ಕಂಬಕ್ಕೆ ಕಾಯಬೇಕಿಲ್ಲ, ಮಣ್ಣು ತುಂಬಿದ ಪ್ಲಾಸ್ಟಿಕ್ ಬಾಟಲಿ ಸಾಕು.

ಮೊದಲ ಪಾಠ ಒನ್-ಟೂ. ಹದಿನೈದು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲಕ್ಕೆ ಸುಣ್ಣದ ಗೆರೆ ಎಳೆದು ನಡುವೆ ಒಬ್ಬ ಡಿಫೆಂಡರನ್ನು ನಿಲ್ಲಿಸಬೇಕು. ಒಬ್ಬ ಹುಡುಗ ಚೆಂಡು ತರುತ್ತಾನೆ, ಇನ್ನೊಬ್ಬ ಪಕ್ಕದಲ್ಲಿ ಗೋಡೆಯಾಗಿ ನಿಲ್ಲುತ್ತಾನೆ. ಚೆಂಡಿನವನು ಡಿಫೆಂಡರ್‌ಗೆ ಎರಡು ಮೂರು ಹೆಜ್ಜೆಯಷ್ಟು ಹತ್ತಿರ ಹೋಗಲೇಬೇಕು. ದೂರದಿಂದಲೇ ಪಾಸ್ ಕೊಟ್ಟರೆ ಡಿಫೆಂಡರ್‌ಗೆ ತಿರುಗಲು ಸಮಯ ಸಿಗುತ್ತದೆ. ಹತ್ತಿರ ಹೋಗಿ ಡಿಫೆಂಡರ್ ತನ್ನತ್ತ ಹೆಜ್ಜೆ ಇಟ್ಟ ಕ್ಷಣದಲ್ಲೇ ಪಾದದ ಒಳಬದಿಯಿಂದ ಗೋಡೆಯವನಿಗೆ ತಳ್ಳಿ, ಅದೇ ಉಸಿರಿನಲ್ಲಿ ಡಿಫೆಂಡರ್‌ನ ಬೆನ್ನ ಹಿಂದಕ್ಕೆ ನುಗ್ಗಬೇಕು. ಗೋಡೆಯವನು ಚೆಂಡಿಗೂ ಗೋಲಿಗೂ ಅರ್ಧರ್ಧ ಮೈ ತೋರುವಂತೆ ಓರೆಯಾಗಿ ನಿಂತು ಒಂದೇ ಟಚ್‌ನಲ್ಲಿ ಹಿಂದಿರುಗಿಸುತ್ತಾನೆ. ಆ ಪಾಸ್ ಓಡುವವನ ಕಾಲಿಗಲ್ಲ, ಅವನು ಇನ್ನು ಎರಡು ಹೆಜ್ಜೆಗೆ ಮುಟ್ಟುವ ಜಾಗಕ್ಕೆ ಹೋಗಬೇಕು.

ಇಲ್ಲಿ ಮಕ್ಕಳು ಎಡವುವುದು ಒಂದೇ ಕಡೆ. ಪಾಸ್ ಕೊಟ್ಟವನು ತನ್ನ ಪಾಸ್ ಸರಿಹೋಯಿತೇ ಎಂದು ನೋಡುತ್ತ ನಿಂತುಬಿಡುತ್ತಾನೆ. ಆಗ ಪಿ.ಟಿ. ಸರ್ ಉದ್ದನೆಯ ಭಾಷಣ ಮಾಡುವುದು ಬೇಡ. “ಚೆಂಡ್ ಕೊಟ್ಟು ನಿಂದರಬ್ಯಾಡ ತಮ್ಮಾ, ಓಡು!” ಎಂಬಷ್ಟು ಸಾಕು. ಅದು ಕೂಡ ಮೊದಲ ವಾರ ಮಾತ್ರ. ಸದಾ ಕೂಗಿ ಹೇಳುತ್ತಿದ್ದರೆ ಮಗು ಮೈದಾನ ನೋಡುವುದನ್ನು ಬಿಟ್ಟು ಸರ್ ಬಾಯಿಗೆ ಕಿವಿಗೊಡುತ್ತದೆ.

ಎರಡನೆಯದು ಮೂರನೆಯವನ ಓಟ. ಇದು ಸ್ವಲ್ಪ ಕಠಿಣ, ಆದರೆ ಹದಿಮೂರು ಹದಿನಾಲ್ಕು ವರ್ಷದವರು ಕಲಿಯಬಲ್ಲರು. ಮೊದಲನೆಯವನು ಎರಡನೆಯವನಿಗೆ ಪಾಸ್ ಕೊಡುತ್ತಾನೆ. ಕಾಯುವವರ ಕಣ್ಣೆಲ್ಲ ಆ ಇಬ್ಬರ ಮೇಲಿರುವಾಗ, ಮೂರನೆಯವನು ಚೆಂಡು ಎರಡನೆಯವನ ಕಾಲು ಸೇರುವ ಮೊದಲೇ ಓಟ ಶುರುಮಾಡಿರುತ್ತಾನೆ. ತನಗೆ ಪಾಸ್ ಬರುವ ಮೊದಲೇ ಓಡಬೇಕು, ಬರುತ್ತದೆಂಬ ಖಾತ್ರಿ ಮಾತ್ರ ಇಲ್ಲ. ಇದನ್ನು ಕಲಿಸಲು ಐದೈದು ನಿಮಿಷದ ಆಟವಿಟ್ಟು, ಮೂರನೆಯವನು ಹೊಡೆದ ಗೋಲಿಗೆ ಎರಡು ಅಂಕ ಎಂದು ಸಾರಿದರೆ ಸಾಕು, ಮಕ್ಕಳೇ ದಾರಿ ಹುಡುಕುತ್ತಾರೆ.

ಬದಿಯಲ್ಲಿ ಆಡುವವರಿಗೆ ಓವರ್‌ಲ್ಯಾಪ್ ಇದೆ. ವಿಂಗರ್ ಚೆಂಡು ಹಿಡಿದು ಒಳಕ್ಕೆ ತಿರುಗಿದಾಗ ಹಿಂದಿನ ಬ್ಯಾಕ್ ಅವನ ಹೊರಬದಿಯಿಂದ ದಾಟಿ ಓಡುತ್ತಾನೆ. ಪಾಸ್ ಸಿಗದಿದ್ದರೂ ಒಬ್ಬ ಡಿಫೆಂಡರ್ ಅವನ ಹಿಂದೆ ಹೋದರೆ ವಿಂಗರ್‌ಗೆ ದಾರಿ ತೆರೆಯುತ್ತದೆ.

ಗೋಲಿನ ಮುಂದಿನ ಓಟಕ್ಕೆ ಸುನಿಲ್ ಛೆಟ್ರಿಗಿಂತ ಒಳ್ಳೆಯ ಪಾಠ ಬೇಕಿಲ್ಲ. ಬೆಂಗಳೂರು ಎಫ್‌ಸಿಯ ನಾಯಕನಾಗಿದ್ದ ಇವರ ಎತ್ತರ ಸುಮಾರು 170 ಸೆಂ.ಮೀ. ಹೀಗಿದ್ದೂ ಎತ್ತರದ ಡಿಫೆಂಡರ್‌ಗಳ ನಡುವೆ ತಲೆಯಿಂದ ಎಷ್ಟೋ ಗೋಲು ಹೊಡೆದಿದ್ದಾರೆ. ಕಾರಣ ಅವರು ನಿಲ್ಲುವ ಜಾಗ. ಡಿಫೆಂಡರ್‌ಗೆ ಚೆಂಡು ಮತ್ತು ಛೆಟ್ರಿ ಎರಡೂ ಒಟ್ಟಿಗೆ ಕಾಣದಂತೆ ಅವನ ಭುಜದ ಹಿಂದೆ ಇದ್ದು, ಕ್ರಾಸ್ ಬರುವ ಕ್ಷಣದಲ್ಲಿ ಮುಂದೆ ನುಗ್ಗುತ್ತಾರೆ. ಮೊದಲು ದೂರ ಸರಿದು ಆಮೇಲೆ ಹತ್ತಿರ ಬರುವುದು, ನಿಧಾನವಾಗಿ ನಡೆದು ಆಮೇಲೆ ಹಾರುವುದು ಇದರಲ್ಲಿ ಸೇರಿದೆ. ಖೋ-ಖೋದಲ್ಲಿ ಬೆನ್ನಟ್ಟುವವಳಿಗೆ ಒಂದು ದಿಕ್ಕು ತೋರಿಸಿ ಇನ್ನೊಂದು ದಿಕ್ಕಿಗೆ ಹಾಯುವ ನಮ್ಮ ಹಳ್ಳಿಯ ಹುಡುಗಿಗೆ ಈ ಜಾಣ್ಮೆ ಆಗಲೇ ಗೊತ್ತಿದೆ. ಸುಬ್ರತೊ ಕಪ್ ಶಾಲಾ ಟೂರ್ನಿಯಲ್ಲಿ ಹುಡುಗಿಯರಿಗೂ 17 ವರ್ಷದೊಳಗಿನ ವಿಭಾಗವಿದೆ. ಖೋ-ಖೋ ತಂಡದಿಂದ ನಾಲ್ಕು ಹುಡುಗಿಯರನ್ನು ಕರೆದು ಫಾರ್ವರ್ಡ್‌ನಲ್ಲಿ ನಿಲ್ಲಿಸಿ ನೋಡುವ ಶಾಲೆಗೆ ಲಾಭವಿದೆ.

ಓಟ ಕಲಿತ ಕೂಡಲೇ ಎದುರಾಗುವುದು ಆಫ್‌ಸೈಡ್. ಜತೆಗಾರ ಪಾಸ್ ಒದ್ದ ಕ್ಷಣದಲ್ಲಿ ಎದುರಾಳಿಯ ಅರ್ಧದಲ್ಲಿರುವ ಆಟಗಾರ ಚೆಂಡಿಗಿಂತಲೂ ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತಲೂ ಗೋಲಿಗೆ ಹತ್ತಿರವಿದ್ದು ಆಟದಲ್ಲಿ ತೊಡಗಿದರೆ ತಪ್ಪು. ಸಮನಾಗಿದ್ದರೆ ತಪ್ಪಲ್ಲ. ಥ್ರೋ-ಇನ್, ಕಾರ್ನರ್, ಗೋಲ್‌ಕಿಕ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. 1925ರವರೆಗೆ ಗೋಲಿನ ಕಡೆ ಎದುರಾಳಿಗಳು ಮೂವರು ಬೇಕಿತ್ತು. ಎರಡಕ್ಕೆ ಇಳಿಸಿದ ಮೊದಲ ಋತುವಿನಲ್ಲೇ ಇಂಗ್ಲೆಂಡಿನ ಮೊದಲ ಡಿವಿಜನ್‌ನ ಗೋಲುಗಳು 1,192ರಿಂದ 1,703ಕ್ಕೆ ಏರಿದವು. ಮಕ್ಕಳಿಗೆ ಹೇಳಿಕೊಡಬೇಕಾದ ಉಪಾಯ: ಗೋಲಿನತ್ತ ನೇರ ಓಡದೆ ಡಿಫೆಂಡರ್‌ಗಳ ಸಾಲಿಗೆ ಸಮಾನಾಂತರವಾಗಿ ಅಡ್ಡ ಓಡಿ, ಪಾಸ್ ಹೊರಟ ಕ್ಷಣ ತಿರುಗಬೇಕು.

ಇದೆಲ್ಲ ಸಾಲಾಗಿ ನಿಂತು ಸರದಿ ಕಾಯುವ ಮಕ್ಕಳಿಗೆ ಬರುವುದಿಲ್ಲ. ಮೂವತ್ತು ಮಕ್ಕಳಿಗೆ ಒಂದೇ ಚೆಂಡು ಕೊಟ್ಟರೆ ಇಪ್ಪತ್ತೊಂಬತ್ತು ಮಂದಿ ಪ್ರೇಕ್ಷಕರು. ಜರ್ಮನಿಯ ತರಬೇತುದಾರ ಹೋರ್ಸ್ಟ್ ವೈನ್ ರೂಪಿಸಿದ ‘ಫುನಿನ್ಯೊ’ ಆಟದಲ್ಲಿ ಮೂವರ ಎದುರು ಮೂವರು, ಪ್ರತಿ ತಂಡಕ್ಕೂ ಎರಡೆರಡು ಸಣ್ಣ ಗೋಲು. ಒಂದು ಗೋಲಿನತ್ತ ಗುಂಪು ಕಟ್ಟಿದರೆ ಇನ್ನೊಂದು ಖಾಲಿ ಎಂದು ಮಗುವಿಗೆ ಕಣ್ಣಾರೆ ಗೊತ್ತಾಗುತ್ತದೆ. ಐದು ಚೆಂಡಿದ್ದರೆ ಮೂವತ್ತೂ ಮಕ್ಕಳು ಏಕಕಾಲಕ್ಕೆ ಆಡಬಹುದು. ಶಾಲೆ ದುಬಾರಿ ಒಂದು ಚೆಂಡು ಕೊಳ್ಳುವುದಕ್ಕಿಂತ ಸಾಧಾರಣ ಐದು ಕೊಳ್ಳುವುದು ಮೇಲು.

ಒಂದು ಎಚ್ಚರಿಕೆಯಿದೆ. ಹತ್ತು ವರ್ಷದೊಳಗಿನ ಮಕ್ಕಳ ಮೇಲೆ ಡ್ರಿಬ್ಲಿಂಗ್ ನಿಷೇಧ ಹೇರಬಾರದು. ಚೆಂಡಿನ ಮೇಲೆ ಪ್ರೀತಿ, ಎದುರಾಳಿಯನ್ನು ಒಬ್ಬನೇ ದಾಟುವ ಧೈರ್ಯ ಬೆಳೆಯುವ ವಯಸ್ಸು ಅದು. ದೊಡ್ಡವರಿಗೂ ಈ ನಿಯಮ ಅಭ್ಯಾಸದ ಹತ್ತು ನಿಮಿಷಕ್ಕೆ ಸಾಕು. ಆಮೇಲೆ ನಿಯಮ ಸಡಿಲಿಸಿ, ದಾಟುವುದೋ ಪಾಸ್ ಕೊಡುವುದೋ ಅವರೇ ತೀರ್ಮಾನಿಸಲಿ.

ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ತಂಡ ಕರೆದೊಯ್ಯುವ ಶಿಕ್ಷಕರು ಬೆಂಚಿನ ಮೇಲೆ ಕೂತ ಬದಲಿ ಆಟಗಾರರಿಗೂ ಕೆಲಸ ಕೊಡಬಹುದು. ಒಬ್ಬೊಬ್ಬರಿಗೂ ಮೈದಾನದ ಒಬ್ಬ ಜತೆಗಾರನನ್ನು ಹಂಚಿ, ಐದು ನಿಮಿಷ ಚೆಂಡನ್ನು ಬಿಟ್ಟು ಅವನನ್ನಷ್ಟೇ ನೋಡಲು ಹೇಳಬೇಕು. ವಿರಾಮದಲ್ಲಿ ಕೇಳುವ ಪ್ರಶ್ನೆ ಒಂದೇ: “ಚೆಂಡ್ ಇಲ್ದಾಗ ಅಂವ ಏನ್ ಮಾಡ್ದ?” ಮೊದಮೊದಲು “ಸುಮ್ನ ನಿಂತಿದ್ದ, ಸರ್” ಎಂಬ ಉತ್ತರವೇ ಹೆಚ್ಚು. ನೋಡುತ್ತ ನೋಡುತ್ತ ಉತ್ತರ ಬದಲಾಗುತ್ತದೆ: ಅವನು ಎಡಕ್ಕೆ ಓಡಿ ಇಬ್ಬರನ್ನು ಎಳೆದುಕೊಂಡು ಹೋದ, ಪಾಸ್ ಬರಲಿಲ್ಲ, ಆದರೆ ನಡುವೆ ಜಾಗ ಆಯಿತು, ಅಲ್ಲಿಂದಲೇ ಗೋಲಾಯಿತು. ಆಗ ಗೋಲು ಹೊಡೆದವನ ಜತೆಗೆ ಆ ಓಡಿದವನ ಹೆಸರನ್ನೂ ಎಲ್ಲರ ಮುಂದೆ ಹೇಳಬೇಕು, ಮುಂದಿನ ಅರ್ಧದಲ್ಲಿ ಅವನು ಮತ್ತೆ ಓಡುತ್ತಾನೆ.