ಈದ ಕುರಿ, ಮರಿಯ ವಾಸನೆ ಮತ್ತು ಮೊದಲ ಎರಡು ಗಂಟೆಗಳು



ಈದ ಕುರಿಯು ತನ್ನ ಮರಿಯನ್ನೇ ಹಾಯ್ದು ದೂಡುವುದನ್ನು ಗಲಗಲಿ, ಬೀಳಗಿ, ಜಮಖಂಡಿ, ಮುಧೋಳ ಭಾಗದ ಕುರಿಗಾರರು ಕಂಡೇ ಇರುತ್ತಾರೆ. ಕೆಚ್ಚಲಲ್ಲಿ ಹಾಲಿರುತ್ತದೆ, ಮರಿಯೂ ಗಟ್ಟಿಯಾಗಿ ಹುಟ್ಟಿರುತ್ತದೆ. ಆದರೂ ತಾಯಿ ಹತ್ತಿರ ಸೇರಿಸುವುದಿಲ್ಲ. ಗಿಣ್ಣದ ಹಾಲು ದೊರೆಯದ ಮರಿ ಒಂದೆರಡು ದಿನಗಳಲ್ಲಿ ಸಾಯುತ್ತದೆ. ದೃಷ್ಟಿ ತಾಗಿತೆಂದು ಹೇಳಿ ಸುಮ್ಮನಾಗುವುದು ವಾಡಿಕೆ. ಕೆಚ್ಚಲು ಬಾವು, ತಾಯಿಯ ನಿಶ್ಶಕ್ತಿ ಮುಂತಾದ ಕಾರಣಗಳನ್ನು ಪಶುವೈದ್ಯರು ಪರೀಕ್ಷಿಸಬೇಕಾದುದು ಸರಿ. ಅವು ಯಾವುವೂ ಇಲ್ಲದಿದ್ದಲ್ಲಿ ಮರಿಯ ವಾಸನೆಯ ಕಡೆಗೆ ಗಮನ ಹರಿಸತಕ್ಕದ್ದು.

ಗಬ್ಬದ ಕುರಿಗೆ ಗರ್ಭದ ನೀರಿನ ವಾಸನೆ ಹಿಡಿಸದು. ಮೂಸಿದರೆ ಮುಖ ತಿರುಗಿಸುತ್ತದೆ. ಈಯುವ ಗಳಿಗೆಯಲ್ಲಿ ಇದು ತಲೆಕೆಳಗಾಗುತ್ತದೆ. ಮರಿಯು ಗರ್ಭದ ಬಾಯಿಯನ್ನು ಹಿಗ್ಗಿಸಿಕೊಂಡು ಹೊರಬರುವಾಗ ತಾಯಿಯ ಮಿದುಳಿನಲ್ಲಿ ಆಕ್ಸಿಟೋಸಿನ್ ಎಂಬ ರಸ ಬಿಡುಗಡೆಯಾಗಿ, ಅದೇ ನೀರಿನ ವಾಸನೆ ಪ್ರಿಯವಾಗುತ್ತದೆ. ತಾಯಿ ಮರಿಯನ್ನು ನೆಕ್ಕುತ್ತದೆ. ನೆಕ್ಕುತ್ತಲೇ ಆ ಒಂದು ಮರಿಯ ವಾಸನೆಯನ್ನು ಕಲಿಯುತ್ತದೆ. ಈ ಕಲಿಕೆ ಹೆಚ್ಚುಕಡಿಮೆ ಎರಡು ಗಂಟೆಗಳಲ್ಲಿ ಮುಗಿಯುತ್ತದೆ. ಕೆಂಡ್ರಿಕ್, ಲೆವಿ ಮತ್ತು ಕೆವರ್ನ್ ಎಂಬ ವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈಯುವ ಮುನ್ನ ಕುರಿಯ ಮಿದುಳಿನ ವಾಸನಾ ಭಾಗದ ಜೀವಕೋಶಗಳು ಮುಖ್ಯವಾಗಿ ಮೇವಿನ ವಾಸನೆಗೆ ಸ್ಪಂದಿಸುತ್ತವೆ. ಈದ ನಂತರ ಮರಿಯ ವಾಸನೆಗೆ ಸ್ಪಂದಿಸುವ ಕೋಶಗಳು ಹೆಚ್ಚುತ್ತವೆ. ಹೀಗೆ ಕಲಿತ ತಾಯಿಯು ಹಿಂಡಿನಲ್ಲಿ ದೂರದಿಂದ ಕೂಗನ್ನೂ ರೂಪವನ್ನೂ ಗುರುತಿಸಿದರೂ, ಮೊಲೆಗೆ ಬಾಯಿ ಹಾಕಿದ ಮರಿಯ ಬಾಲದ ಬುಡವನ್ನು ಮೂಸಿಯೇ ಕೊನೆಯ ತೀರ್ಮಾನ ಮಾಡುತ್ತದೆ. ಪರಕೀಯ ಮರಿಯಾದರೆ ಹಾಯುತ್ತದೆ. ವಾಸನಾಶಕ್ತಿ ಕಳೆದುಕೊಂಡ ಕುರಿಯೂ ಮರಿಗೆ ಹಾಲೂಡಿಸುತ್ತದೆ. ಆದರೆ ಅದು ಯಾರ ಮರಿಯನ್ನಾದರೂ ಬಿಟ್ಟುಕೊಳ್ಳುತ್ತದೆ!

ಮೊಲದ ರೀತಿಯೇ ಬೇರೆ. ಅದರ ಮರಿಗಳು ಗೂಡು ಬಿಟ್ಟು ಹೋಗುವುದಿಲ್ಲವಾದ್ದರಿಂದ ಒಂದೊಂದನ್ನೂ ಗುರುತಿಸುವ ಅಗತ್ಯ ತಾಯಿಗಿಲ್ಲ. ದಿನಕ್ಕೆ ಸಾಮಾನ್ಯವಾಗಿ ಒಂದೇ ಬಾರಿ, ಮೂರು ನಾಲ್ಕು ನಿಮಿಷ ಮಾತ್ರ ಹಾಲೂಡಿಸಿ ಹೊರಡುತ್ತದೆ. ಕಣ್ಣು ಬಿಡದ ಮರಿಗಳು ಅಷ್ಟರೊಳಗೆ ಮೊಲೆ ಹುಡುಕಬೇಕು. ಅವುಗಳಿಗೆ ದಾರಿ ತೋರುವುದು ತಾಯಿಯ ಹಾಲಿನಲ್ಲಿರುವ ಒಂದು ವಾಸನಾದ್ರವ್ಯ. ಫ್ರಾನ್ಸಿನ ಸಂಶೋಧಕರು 2003ರಲ್ಲಿ ಅದನ್ನು ಗುರುತಿಸಿದರು. ಮೊಲದಲ್ಲಿ ವಾಸನೆಯನ್ನು ಅನುಸರಿಸುವವು ಮರಿಗಳು, ಕುರಿಯಲ್ಲಿ ವಾಸನೆ ಕಲಿಯಬೇಕಾದುದು ತಾಯಿ. ಆದುದರಿಂದ ಮೊಲ ಸಾಕುವವರು ಸಮವಯಸ್ಸಿನ ಎಳೆಮರಿಗಳನ್ನು ಒಂದು ಗೂಡಿನಿಂದ ಇನ್ನೊಂದಕ್ಕೆ ಸುಲಭವಾಗಿ ಬದಲಿಸುತ್ತಾರೆ. ಕುರಿಯಲ್ಲಿ ಹಾಗೆ ನಡೆಯದು.

ಇದರಿಂದ ಕುರಿಗಾರರಿಗೆ ಹೇಳಬೇಕಾದ ಮೊದಲ ಮಾತು: ಹುಟ್ಟಿದ ಮರಿಯನ್ನು ನೀರಿನಲ್ಲಿ ತೊಳೆಯಬಾರದು. ಮೂಗು ಬಾಯಿಯ ಲೋಳೆ ತೆಗೆದು ತಾಯಿಯ ಮುಂದೆ ಇಡುವುದೇ ಸಾಕು. ತೊಳೆದ ಮರಿಯನ್ನು ತಿರಸ್ಕರಿಸುವ ಸಂಭವ ಚೊಚ್ಚಲು ಈದ ಕುರಿಗಳಲ್ಲಿ ಹೆಚ್ಚು. ಮನುಷ್ಯನ ಕೈ ಸೋಂಕಿದರೆ ಸಾಕು, ತಾಯಿ ಮರಿಯನ್ನು ಬಿಡುತ್ತದೆಂಬ ಭಯವು ಅತಿಯಾದುದು; ಹಾನಿಯಾಗುವುದು ಗರ್ಭದ ನೀರು ಹೋಗುವುದರಿಂದ ಮತ್ತು ತಾಯಿ ಮರಿಗಳನ್ನು ಅಗಲಿಸುವುದರಿಂದ.

ತಬ್ಬಲಿ ಮರಿಯನ್ನು ಬೇರೆ ತಾಯಿಗೆ ಹಚ್ಚುವುದಿದ್ದರೆ, ಆ ತಾಯಿ ಈಯುವ ಹೊತ್ತಿಗೇ ಅದರ ಗರ್ಭದ ನೀರನ್ನು ತಬ್ಬಲಿಯ ಮೈಗೆ ಸವರಿ ಮುಂದಿಡಬೇಕು. ಸತ್ತ ಮರಿಯ ಚರ್ಮವನ್ನು ತಬ್ಬಲಿಗೆ ಹೊದಿಸುವ ಪದ್ಧತಿಯೂ ಅನೇಕ ದೇಶಗಳಲ್ಲಿದೆ. ಆದರೆ ಕಂದು ಹಾಕಿದ ಕುರಿಯ ನೀರು, ಮಾಸು, ಚರ್ಮ ಯಾವುದನ್ನೂ ಇದಕ್ಕೆ ಬಳಸಕೂಡದು. ಬ್ರೂಸೆಲ್ಲಾ ರೋಗ ಅದರಿಂದ ಮನುಷ್ಯರಿಗೂ ಅಂಟುತ್ತದೆ. ಕೈಗವಸು ಧರಿಸುವುದು ಕಡ್ಡಾಯ. ಗರ್ಭಿಣಿಯರು ಈ ಕೆಲಸ ಮಾಡಬಾರದು. ಇಷ್ಟಾಗಿಯೂ ತಾಯಿ ಒಪ್ಪದಿದ್ದರೆ ಗಿಣ್ಣದ ಹಾಲನ್ನು ಕರೆದು ಕುಡಿಸಬೇಕು. ಮೊದಲ ಎರಡು ಗಂಟೆಗಳೊಳಗೆ ಮರಿಯ ಪ್ರತಿ ಕಿಲೋ ತೂಕಕ್ಕೆ ಸುಮಾರು 50 ಮಿಲಿಲೀಟರ್, ಅಂದರೆ ಎರಡೂವರೆ ಕಿಲೋ ಮರಿಗೆ 125 ಮಿಲಿಲೀಟರ್ ಬೇಕಾಗುತ್ತದೆ.

ಪಂಚಾಯತಿಯ ಪಾತ್ರ ವಿಶೇಷವಾಗಿ ಬರುವುದು ಪ್ರವಾಹದ ಸಮಯದಲ್ಲಿ. 2019ರ ಆಗಸ್ಟ್ ತಿಂಗಳಿನಂತೆ ಕೃಷ್ಣೆ, ಘಟಪ್ರಭೆಗಳು ಉಕ್ಕಿದಾಗ ಹಲವು ಮನೆಗಳ ಕುರಿಗಳನ್ನು ಎತ್ತರದ ಒಂದೇ ಜಾಗಕ್ಕೆ ಸಾಗಿಸಬೇಕಾಗುತ್ತದೆ. ಅವಸರದಲ್ಲಿ ಮರಿಗಳನ್ನು ಒಂದು ವಾಹನದಲ್ಲಿ, ತಾಯಂದಿರನ್ನು ಇನ್ನೊಂದರಲ್ಲಿ ಏರಿಸುವುದು ಸಹಜ. ಆಗಷ್ಟೇ ಈದ ಕುರಿಯಿಂದ ಮರಿಯನ್ನು ಹಲವು ಗಂಟೆ ಅಗಲಿಸಿದರೆ ತಾಯಿತನದ ಆ ಒಲವೇ ಆರಿಹೋಗಬಹುದು. ನಂತರ ಕೂಡಿಸಿದರೂ ಪ್ರಯೋಜನವಾಗದು. ಆದ್ದರಿಂದ ಎಳೆಮರಿಯನ್ನು ತಾಯಿಯೊಡನೆಯೇ ಸಾಗಿಸುವುದು, ಆಶ್ರಯ ತಾಣದಲ್ಲಿ ತುಂಬು ಗಬ್ಬದ ಹಾಗೂ ಆಗಷ್ಟೇ ಈದ ಕುರಿಗಳಿಗೆ ತಟ್ಟಿಯಿಂದ ಪ್ರತ್ಯೇಕ ಮೂಲೆ ಮಾಡಿಕೊಡುವುದು, ತಾಯಿ ಮರಿಗಳಿಗೆ ಒಂದೇ ಬಣ್ಣದ ಗುರುತು ಹಾಕಿಸುವುದು ಇವನ್ನು ಪಂಚಾಯತಿಯ ಪ್ರವಾಹ ಸಿದ್ಧತಾ ಸಭೆಯಲ್ಲಿಯೇ ನಿರ್ಧರಿಸಿಕೊಳ್ಳಬೇಕು. ಕುರಿ ದೊಡ್ಡಿ ಕಟ್ಟಿಸಿಕೊಳ್ಳುವವರಿಗೂ ಒಳಗೆ ಇಂಥದೊಂದು ಮೂಲೆ ಬಿಟ್ಟುಕೊಳ್ಳಲು ತಿಳಿಸಬಹುದು, ಖರ್ಚೇನೂ ಹೆಚ್ಚಾಗದು. ಪಶುಸಖಿಯರು ಈ ವಿಷಯವನ್ನು ಕುರಿಗಾರರ ಮನೆಗಳಲ್ಲಿ, ವಿಶೇಷವಾಗಿ ಹಟ್ಟಿಯಲ್ಲಿ ಮರಿ ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ, ವಿವರಿಸತಕ್ಕದ್ದು. ಈಯಲು ತೊಡಕಾದಲ್ಲಿ ಸಂಚಾರಿ ಪಶು ಚಿಕಿತ್ಸಾ ಘಟಕಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು.