ಹೋಗುವಾಗ ಕಾಲ್ನಡಿಗೆ, ಬರುವಾಗ ಉಗಿಬಂಡಿ

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಪಿಕರಿಂಗ್ ಪೇಟೆಯಿಂದ ವಿಟ್ಬಿ ಬಂದರಿನತ್ತ ಹೊರಟ ಬಸ್ಸು ಉತ್ತರಕ್ಕೆ ಏರುತ್ತ ಏರುತ್ತ ಹೊಲ, ಊರು, ಕಲ್ಲಿನ ಗೋಡೆಗಳನ್ನು ಹಿಂದೆ ಹಾಕುತ್ತದೆ. ಮರಗಳೂ ವಿರಳವಾಗುತ್ತವೆ. ಆಮೇಲೆ ರಸ್ತೆಯ ಪಕ್ಕದಲ್ಲೇ ನೆಲ ಕುಸಿದಂತೆ ಒಂದು ದೊಡ್ಡ ತಗ್ಗು ಕಾಣಿಸುತ್ತದೆ. ಆಳ ಸುಮಾರು 120 ಮೀಟರ್, ಅಗಲ ಒಂದು ಕಿಲೋಮೀಟರಿಗೂ ಹೆಚ್ಚು. ಇದೇ ಹೋಲ್ ಆಫ್ ಹಾರ್ಕಮ್. ಇಳಿಯಬೇಕಾದದ್ದು ಇಲ್ಲಿ.

ವೇಡ್ ಎಂಬ ದೈತ್ಯ ಹೆಂಡತಿಯ ಮೇಲಿನ ಸಿಟ್ಟಿಗೆ ಒಂದು ಬೊಗಸೆ ಮಣ್ಣು ಬಾಚಿ ಎಸೆದನಂತೆ. ಬಾಚಿದ ಜಾಗ ಈ ತಗ್ಗಾಯಿತು, ಗುರಿ ತಪ್ಪಿ ಬಿದ್ದ ಮಣ್ಣು ಪೂರ್ವದಲ್ಲಿ ಕಾಣುವ ಬ್ಲೇಕಿ ಟಾಪಿಂಗ್ ಗುಡ್ಡವಾಯಿತು ಎನ್ನುತ್ತದೆ ಸ್ಥಳಪುರಾಣ. ಭೂವಿಜ್ಞಾನಿಗಳು ಹೇಳುವ ಕಾರಣಕ್ಕೆ ಸಿಟ್ಟು ಬೇಕಿಲ್ಲ, ಸಹನೆ ಬೇಕು. ಇಳಿಜಾರಿನ ಬುಡದಲ್ಲಿ ಜಿನುಗುವ ಒರತೆಗಳು ಸಾವಿರಾರು ವರ್ಷಗಳಿಂದ ಮಣ್ಣನ್ನು ಅಡಿಯಿಂದಲೇ ಸಡಿಲಿಸುತ್ತ ಬಂದಿವೆ. ತಗ್ಗು ಇವತ್ತಿಗೂ ನಿಧಾನವಾಗಿ ಬೆಳೆಯುತ್ತಲೇ ಇದೆ.

ತಗ್ಗಿನ ಅಂಚನ್ನು ಸುತ್ತಿಕೊಂಡು ಹೋದರೆ ಲೆವಿಶಾಮ್ ಮೂರ್ ಎಂಬ ಎತ್ತರದ ಬಯಲು ತೆರೆದುಕೊಳ್ಳುತ್ತದೆ. ನೆಲವೆಲ್ಲ ಹೆದರ್ ಎಂಬ ಕುರುಚಲು ಗಿಡ. ಆಗಸ್ಟಿನಲ್ಲಿ ಅದು ಹೂಬಿಟ್ಟಾಗ ಕಣ್ಣು ಹಾಯುವಷ್ಟು ದೂರ ನಸುನೇರಳೆ. ನಮ್ಮ ಬಾಬಾಬುಡನ್‌ಗಿರಿಯ ನೀಲಕುರಿಂಜಿಯನ್ನು ನೆನೆಸುವ ನೋಟ ಇದು; ಆದರೆ ಇಲ್ಲಿ ಹನ್ನೆರಡು ವರ್ಷ ಕಾಯಬೇಕಿಲ್ಲ, ಪ್ರತಿ ಬೇಸಿಗೆಯ ಕೊನೆಗೂ ಈ ಬಣ್ಣ ತಪ್ಪದು. ಈ ಬಯಲು ಹುಟ್ಟಾ ಬಯಲಲ್ಲ ಎಂಬುದನ್ನೂ ನಡೆಯುವವರು ತಿಳಿದಿರಬೇಕು. ಇಲ್ಲಿ ಕಾಡಿತ್ತು. ಕಂಚಿನ ಯುಗದ ಜನರೂ ಅವರ ನಂತರದವರೂ ಮರ ಕಡಿದರು, ದನಕುರಿ ಮೇಯಿಸಿದರು. ಈಚಿನ ಶತಮಾನಗಳಲ್ಲಿ ಗ್ರೌಸ್ ಹಕ್ಕಿಯ ಬೇಟೆಗೆಂದು ಹಳೆಯ ಹೆದರನ್ನು ಪಟ್ಟೆಪಟ್ಟೆಯಾಗಿ ಸುಟ್ಟು ಹೊಸ ಚಿಗುರು ಬರಿಸುವ ರೂಢಿ ಬೆಳೆಯಿತು. 1952ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಈ ನಾರ್ತ್ ಯಾರ್ಕ್ ಮೂರ್ಸ್ ಮನುಷ್ಯನ ಕೈ ಆಡಿದ ನೆಲವೇ.

ಡಂಡೇಲ್ ಪಾಂಡ್ ಎಂಬ ಪುಟ್ಟ ಕೆರೆ ದಾಟಿ ಪಶ್ಚಿಮಕ್ಕೆ ತಿರುಗಿದರೆ, ಬಯಲಿನ ತುದಿಯಲ್ಲಿ ಸ್ಕೆಲ್ಟನ್ ಟವರ್‌ನ ಪಾಳುಗೋಡೆಗಳು. 1830ರ ಸುಮಾರಿಗೆ ಲೆವಿಶಾಮಿನ ಪಾದ್ರಿ ರಾಬರ್ಟ್ ಸ್ಕೆಲ್ಟನ್ ಕಟ್ಟಿಸಿದ ಬೇಟೆಮನೆ. ಇಡೀ ದಾರಿಯಲ್ಲಿ ಅವಸರ ಮಾಡದೆ ಕೂರಬೇಕಾದ ಜಾಗ ಯಾವುದೆಂದರೆ ನಾನು ಇದನ್ನೇ ಹೇಳುತ್ತೇನೆ. ಕೆಳಗೆ ನ್ಯೂಟನ್‌ಡೇಲ್ ಕಣಿವೆ, ಅದರ ತಳದಲ್ಲಿ ಒಂದೇ ಒಂದು ರೈಲುಹಳಿ. ಹಿಮಯುಗದ ಕೊನೆಗೆ ಕರಗಿದ ನೀರು ನುಗ್ಗಿ ಕೊರೆದ ಕಣಿವೆ ಇದು. ಈಗ ಅಲ್ಲಿ ಹರಿಯುವುದು ಸಣ್ಣ ತೊರೆ. ಅಷ್ಟು ದೊಡ್ಡ ಕಣಿವೆಗೆ ಇಷ್ಟೇ ನೀರೇ ಅನಿಸುತ್ತದೆ. ಬೆಟ್ಟ ಕಡಿಯುವ ಕೆಲಸದ ಬಹುಪಾಲನ್ನು ಆ ಹಳೆಯ ಪ್ರವಾಹವೇ ಮುಗಿಸಿಕೊಟ್ಟಿದ್ದರಿಂದ ರೈಲು ಈ ದಾರಿ ಹಿಡಿಯಿತು. ಬೋಗಿಯಲ್ಲಿ ಕುಳಿತವರಿಗೆ ಇದು ಹೊಳೆಯುವುದು ಕಷ್ಟ. ಮೇಲಿನಿಂದ ನಡೆದು ಬಂದವರಿಗೆ ನೋಡಿದ ಕೂಡಲೇ ಅರ್ಥವಾಗುತ್ತದೆ.

ಈ ಮಾರ್ಗವನ್ನು ರೂಪಿಸಿದವರು ಜಾರ್ಜ್ ಸ್ಟೀಫನ್‌ಸನ್. 1836ರಲ್ಲಿ ವಿಟ್ಬಿ–ಪಿಕರಿಂಗ್ ರೈಲು ಆರಂಭವಾದಾಗ ಬೋಗಿ ಎಳೆಯುತ್ತಿದ್ದುದು ಕುದುರೆಗಳು. ಗೋತ್‌ಲ್ಯಾಂಡ್ ಊರಿನ ಹತ್ತಿರ ಬೆಕ್ ಹೋಲ್‌ನ ಕಡಿದಾದ ಏರಿನಲ್ಲಿ ಕುದುರೆಯೂ ಸಾಲದೆ ಹಗ್ಗ ಕಟ್ಟಿ ಎಳೆಯಬೇಕಾಗುತ್ತಿತ್ತು. ನೀರು ತುಂಬಿದ ಬಂಡಿ ಇಳಿಯುವ ಭಾರಕ್ಕೆ ಬೋಗಿ ಮೇಲೇರುತ್ತಿತ್ತು. ಇನ್ನು ಫೆನ್ ಬಾಗ್ ಎಂಬ ಜೌಗಿನಲ್ಲಿ ಹಾಕಿದ್ದೆಲ್ಲ ಮುಳುಗುತ್ತಿದ್ದುದರಿಂದ ಮರದ ದಿಮ್ಮಿ, ಹೆದರ್ ಕಂತೆ, ಕುರಿಯ ಉಣ್ಣೆಗಳನ್ನು ಹಾಸಿ ಅದರ ಮೇಲೆ ಹಳಿ ಕೂರಿಸಿದರೆಂದು ಹೇಳುತ್ತಾರೆ. ಉಗಿ ಎಂಜಿನ್ ಬಂದದ್ದು 1847ರಲ್ಲಿ. ಹಗ್ಗದ ಏರನ್ನು ತಪ್ಪಿಸುವ ಹೊಸ ದಾರಿ 1865ರಲ್ಲಿ ತಯಾರಾಯಿತು.

ಸರಿಯಾಗಿ ನೂರು ವರ್ಷಗಳ ನಂತರ, 1965ರಲ್ಲಿ, ಈ ಮಾರ್ಗ ಮುಚ್ಚಿತು. ನಷ್ಟದ ಹಳಿಗಳನ್ನು ಕೈಬಿಡಲು ಸೂಚಿಸಿದ ಬೀಚಿಂಗ್ ವರದಿ ಬ್ರಿಟನ್ನಿನಲ್ಲಿ ಸಾವಿರಾರು ಮೈಲಿ ರೈಲುಮಾರ್ಗವನ್ನು ಬಲಿ ತೆಗೆದುಕೊಂಡ ಕಾಲ ಅದು. ಈ ಹಳಿ ಮಾತ್ರ ಉಳಿಯಿತು. 1967ರಲ್ಲಿ ಆಸಕ್ತರು ಸಂಘ ಕಟ್ಟಿ, 1973ರಲ್ಲಿ ಗ್ರಾಸ್ಮಂಟ್ ಎಂಬ ಊರಿನಿಂದ ಪಿಕರಿಂಗ್‌ವರೆಗಿನ 29 ಕಿಲೋಮೀಟರ್ ಮಾರ್ಗವನ್ನು ಮತ್ತೆ ತೆರೆದರು. ನೂರಾರು ಸ್ವಯಂಸೇವಕರು ಇವತ್ತಿಗೂ ಕಲ್ಲಿದ್ದಲು ಸುರಿಯುತ್ತಾರೆ, ಸಿಗ್ನಲ್ ಎಳೆಯುತ್ತಾರೆ, ಬೋಗಿಗೆ ಬಣ್ಣ ಬಳಿಯುತ್ತಾರೆ. ಅವರ ದುಡಿಮೆ ಇಲ್ಲದಿದ್ದರೆ ಮೂರ್ ದಾಟಿ ಇಳಿದು ಬಂದವರು ಬಂದ ದಾರಿಯನ್ನೇ ಮತ್ತೆ ಹತ್ತಬೇಕಿತ್ತು.

ಟವರ್‌ನಿಂದ ಲೆವಿಶಾಮ್ ನಿಲ್ದಾಣಕ್ಕೆ ಇಳಿಜಾರು ಕಡಿದಾಗಿದೆ, ಮಳೆ ಬಂದರೆ ಜಾರುತ್ತದೆ. ಒಟ್ಟು ನಡಿಗೆ ಸುಮಾರು 8 ಕಿಲೋಮೀಟರ್. ನಿಂತು ನೋಡುತ್ತ ಬಂದರೆ ಮೂರು ಗಂಟೆ ಹಿಡಿದೀತು. ನಿಲ್ದಾಣದ ಹೆಸರು ಲೆವಿಶಾಮ್ ಎಂದಿದ್ದರೂ ಊರು ಇಲ್ಲಿಂದ ಸುಮಾರು 2.5 ಕಿಲೋಮೀಟರ್ ದೂರ, ಗುಡ್ಡದ ಮೇಲೆ. ನಿಲ್ದಾಣವನ್ನು 1912ರ ಕಾಲದ ನಾರ್ತ್ ಈಸ್ಟರ್ನ್ ರೈಲ್ವೆಯ ರೂಪದಲ್ಲಿ ಇಟ್ಟುಕೊಂಡಿದ್ದಾರೆ.

ಪಿಕರಿಂಗ್‌ಗೆ ಇಲ್ಲಿಂದ ಅರ್ಧ ಗಂಟೆಯೂ ಬೇಡ. ಸಮಯವಿದ್ದರೆ ಮೊದಲು ಉತ್ತರದ ಬಂಡಿ ಹತ್ತಿ ಗೋತ್‌ಲ್ಯಾಂಡ್‌ವರೆಗೆ ಹೋಗಿ ಬನ್ನಿ ಎನ್ನುವುದು ನನ್ನ ಸಲಹೆ. ಫೆನ್ ಬಾಗ್ ಆ ದಾರಿಯಲ್ಲೇ ಸಿಗುತ್ತದೆ. ಮೊದಲ ಹ್ಯಾರಿ ಪಾಟರ್ ಚಿತ್ರದಲ್ಲಿ ಹಾಗ್ಸ್‌ಮೀಡ್ ನಿಲ್ದಾಣವಾಗಿ ಕಂಡದ್ದು ಗೋತ್‌ಲ್ಯಾಂಡ್ ಆದ್ದರಿಂದ ಮಕ್ಕಳಿಗೂ ಖುಷಿ. ರೈಲು ಓಡುವುದು ಮುಖ್ಯವಾಗಿ ವಸಂತದಿಂದ ಶರತ್ಕಾಲದವರೆಗೆ. ಒಣ ಬೇಸಿಗೆಯಲ್ಲಿ ಕಿಡಿಯಿಂದ ಹೆದರ್‌ಗೆ ಬೆಂಕಿ ತಗಲುವ ಭಯವಿರುವಾಗ ಉಗಿಬಂಡಿಯ ಬದಲು ಡೀಸೆಲ್ ಎಂಜಿನ್ ಕಟ್ಟುವುದುಂಟು. ಹೊರಡುವ ಮುನ್ನ ಆ ದಿನದ ವೇಳಾಪಟ್ಟಿ ನೋಡಿ, ಲೆವಿಶಾಮಿನಿಂದ ಪಿಕರಿಂಗ್‌ಗೆ ಹೋಗುವ ಕೊನೆಯ ಬಂಡಿಯ ಹೊತ್ತು ಬರೆದಿಟ್ಟುಕೊಳ್ಳಿ. ಬಿಡುವಿನ ನಡಿಗೆ ಬೇಕೆಂದರೆ ಬೆಳಗಿನ ಬಸ್ಸನ್ನೇ ಹಿಡಿಯಿರಿ.